ಆಪ್ತಸಲಹೆ ಪ್ರಕರಣ: ಹತ್ತು ಬೀಜಕ್ಕೆ 40 ಸೆಕೆಂಡ್

ಕೆಲಸದ ಜಾಗದಲ್ಲಿ ಕ್ಯಾಮೆರಾ ಹಿಡಿದವರು, ಕ್ಯಾಮೆರಾದ ಎದುರು ಕೂತವರು, ಎರಡೂ ಬಗೆಯವರು ನಿದ್ದೆಗೆಟ್ಟು ನನ್ನ ಬಳಿ ಬರುವುದು ಈಚೆಗೆ ಹೆಚ್ಚಾಗಿದೆ. ಅಂಥ ಒಂದು ಪ್ರಕರಣವನ್ನು ಬರೆಯಲು ಹೊರಟದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಅದರಲ್ಲಿ ನಾನು ಕೊಟ್ಟ ಸಲಹೆಯನ್ನು ನನ್ನದೇ ಕ್ಷೇತ್ರದ ಇಬ್ಬರು ಗೆಳೆಯರು ಇವತ್ತಿಗೂ ಒಪ್ಪಿಲ್ಲ. ಸಲಹಾರ್ಥಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಕಾರ್ತಿಕ್ ಎಂದು ಕರೆಯೋಣ.

ಕಾರ್ತಿಕ್‌ಗೆ ಇಪ್ಪತ್ತಾರು. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿದವರು. ಗೆಳೆಯರೆಲ್ಲ ಬೆಂಗಳೂರಿನ ಬಸ್ಸು ಹತ್ತಿದಾಗ ಇವರು ಊರಲ್ಲೇ ಉಳಿದು, ಉಡುಪಿ ಕಡೆಯ ಒಂದು ಗೇರುಬೀಜದ ಕಾರ್ಖಾನೆ ಸೇರಿದ್ದರು. ಮೊಬೈಲಿನಲ್ಲಿ ಕೆಲಸದ ವಿಡಿಯೊ ತೆಗೆಯುವುದು, ಅದನ್ನು ಸಾಫ್ಟ್‌ವೇರ್‌ಗೆ ಹಾಕಿ ಚೂರು ಚೂರಾಗಿ ಕತ್ತರಿಸುವುದು, ಯಾವ ಚೂರು ಉಪಯುಕ್ತ, ಯಾವುದು ವ್ಯರ್ಥ ಎಂದು ಬಣ್ಣ ಹಚ್ಚುವುದು ಅವರ ಕೆಲಸ. ಬೀಜವನ್ನು ತೆಗೆದುಕೊಳ್ಳುವುದು ಒಂದು ಚೂರು, ಚಾಕು ತಾಗಿಸುವುದು ಇನ್ನೊಂದು, ತಿರುಗಿಸುವುದು ಮತ್ತೊಂದು. ಸಾಧಾರಣ ಮೊಬೈಲು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ, ಹಾಗಾಗಿ ಸೆಕೆಂಡಿನ ಮೂವತ್ತನೇ ಒಂದು ಭಾಗದವರೆಗೂ ಅಳೆಯಬಹುದು.

ನಾಲ್ಕು ತಿಂಗಳಿಂದ ರಾತ್ರಿ ಎರಡರ ತನಕ ನಿದ್ದೆ ಇಲ್ಲ ಎಂದು ಬಂದಿದ್ದರು. ಕಣ್ಣು ಮುಚ್ಚಿದರೆ ಕೈಗಳು ಕಾಣುತ್ತವಂತೆ. ಮದುವೆ ಊಟಕ್ಕೆ ಕೂತರೆ ಬಡಿಸುವವರ ಹೆಜ್ಜೆ ಎಣಿಸುತ್ತಾರೆ. ಒಂದು ಬೆಳಿಗ್ಗೆ ಅಮ್ಮ ನೀರುದೋಸೆ ಹೊಯ್ಯುವಾಗ ಪಕ್ಕದಲ್ಲಿ ನಿಂತು, ಮುಚ್ಚಳವನ್ನು ಎಡಗೈಯ ಹತ್ತಿರ ಇಟ್ಟರೆ ದೋಸೆಗೆ ಎರಡು ಸೆಕೆಂಡ್ ಉಳಿಯುತ್ತದೆ ಎಂದರಂತೆ. ಅಮ್ಮ ಸೌಟು ಕೆಳಗಿಟ್ಟು, "ಹಾಗಾದ್ರೆ ನೀನೇ ಹೊಯ್ಯಿ" ಅಂದು ಹೊರಗೆ ಹೋದರು. ಇದನ್ನು ನಗುತ್ತಲೇ ಹೇಳಿದರು. ನಗು ಬಹಳ ಹೊತ್ತು ಉಳಿಯಲಿಲ್ಲ.

ಮೊದಲ ಭೇಟಿಗಳಲ್ಲಿ ಮಾಡಬೇಕಾದ್ದನ್ನು ಮಾಡಿದೆ. ಖಿನ್ನತೆಯ ಲಕ್ಷಣಗಳನ್ನು ವಿಚಾರಿಸಿದೆ, ಥೈರಾಯ್ಡ್ ಇತ್ಯಾದಿ ನೋಡಿಸಲು ಅವರ ಡಾಕ್ಟರ ಬಳಿ ಕಳಿಸಿದೆ, ರಾತ್ರಿ ಲ್ಯಾಪ್‌ಟಾಪ್ ಮುಚ್ಚಲು ಹೇಳಿದೆ. ರಿಪೋರ್ಟುಗಳು ಸರಿಯಾಗಿಯೇ ಬಂದವು. ನಿದ್ದೆ ಮಾತ್ರ ಬರಲಿಲ್ಲ.

ಕೆಲಸದ ಹೊರೆ ಜಾಸ್ತಿಯಾದ ಹುಡುಗ, ಸ್ವಲ್ಪ ಗೀಳಿನ ಸ್ವಭಾವ ಎಂದು ಫೈಲು ಮುಚ್ಚುವುದು ಸುಲಭವಿತ್ತು. ಆದರೆ ಪ್ರತಿ ಸಲವೂ ಒಂದು ಸಂಖ್ಯೆ ಬಂದಾಗ ಅವರ ಮಾತು ತಡವರಿಸುತ್ತಿತ್ತು: ಹತ್ತು ಬೀಜಕ್ಕೆ 40 ಸೆಕೆಂಡ್. ಬೋರ್ಮಾ ಎಂಬ ಒಣಗಿಸುವ ಬಿಸಿ ಕೋಣೆಯಲ್ಲಿ ಒಣಗಿ, ಮೆಷಿನ್‌ನಲ್ಲಿ ಸುಲಿದ ಮೇಲೂ ಕೆಲವು ತಿರುಳಿಗೆ ಕೆಂಪು ಸಿಪ್ಪೆ ಅಂಟಿಕೊಂಡಿರುತ್ತದೆ. ಅದನ್ನು ಹೆಂಗಸರು ಸಣ್ಣ ಚಾಕುವಿನಿಂದ ತೆಗೆಯುತ್ತಾರೆ. ಆ ಕೆಲಸಕ್ಕೆ ಗಂಟೆಯ ಗುರಿ ನಿಗದಿ ಮಾಡಲು ಮ್ಯಾನೇಜರ್ ಹೇಳಿದ್ದರು.

ಒಂದು ಸಂಜೆ ಲ್ಯಾಪ್‌ಟಾಪ್ ತಂದು, "ಇದನ್ನು ನೀವು ನೋಡಲೇಬೇಕು" ಎಂದರು. ಕಾರ್ಖಾನೆಯ ವಿಡಿಯೊವನ್ನು ನಾನು ನೋಡಬಾರದು, ಅದರಲ್ಲಿರುವವರು ನನಗೆ ಒಪ್ಪಿಗೆ ಕೊಟ್ಟಿಲ್ಲ. ಮುಚ್ಚಿಡಿ, ಬಾಯಲ್ಲಿ ಹೇಳಿ ಎಂದೆ. ಸ್ವಲ್ಪ ಮುನಿಸಿಕೊಂಡರು. ಆಮೇಲೆ ಕಣ್ಣು ಮುಚ್ಚಿ, ನೆನಪಿನಿಂದಲೇ, ಒಬ್ಬ ಹೆಂಗಸಿನ ಎರಡು ಕೈಗಳ ಕೆಲಸವನ್ನು ಹೇಳತೊಡಗಿದರು. ಎಡಗೈಯ ಹೆಬ್ಬೆರಳು ಬೀಜದ ಬೆನ್ನಿನ ಮೇಲೆ ಬರುತ್ತದೆ, ಬಲಗೈಯ ಚಾಕು ಬುಡದಿಂದ ಹೊರಡುತ್ತದೆ, ಅರ್ಧ ದಾರಿಯಲ್ಲಿ ಚಾಕು ನಿಲ್ಲುತ್ತದೆ, ಹೆಬ್ಬೆರಳು ಒಮ್ಮೆ ಸವರುತ್ತದೆ, ಮತ್ತೆ ಚಾಕು. ಆ ನಿಂತ ಚೂರಿಗೆ ತಾನು ಕೆಂಪು ಬಣ್ಣ ಹಚ್ಚಿದ್ದೇನೆ ಎಂದರು. ಕೆಂಪು ಅಂದರೆ ವ್ಯರ್ಥ.

"ಅಲ್ಲಿ ಅವರು ಯಾಕೆ ನಿಲ್ಲುತ್ತಾರೆ?"

"ಗೊತ್ತಿಲ್ಲ."

"ಕೇಳಲಿಲ್ಲವಾ?"

ಕೇಳುವ ಹಾಗಿರಲಿಲ್ಲ ಎಂದರು. ಆಗ ವಿಷಯ ಹೊರಬಿತ್ತು. ವಿಡಿಯೊ ತೆಗೆಯುವಾಗ ಆ ಸಾಲಿನ ಹೆಂಗಸರಿಗೆ, ಹೊಸಬರ ಟ್ರೈನಿಂಗ್‌ಗೆ ಎಂದು ಹೇಳಿದ್ದರು. ಹಾಗೆ ಹೇಳು ಎಂದದ್ದು ಮ್ಯಾನೇಜರ್, ಹೇಳಿದ್ದು ಇವರು. ಎಲ್ಲರಲ್ಲಿ ಕೈ ಚುರುಕಿದ್ದ ಈ ಅಕ್ಕನನ್ನು ಆರಿಸಿದ್ದೂ ಇವರೇ. ಆಕೆ ಮಾರನೇ ದಿನ ಏಪ್ರನ್ನಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು. ಅಕ್ಕಪಕ್ಕದವರ ಹತ್ತಿರ ಮಾತಾಡದೆ, ಕತ್ತು ಎತ್ತದೆ, ತಮ್ಮ ಇಪ್ಪತ್ತು ವರ್ಷದ ಕೈಚಳಕವನ್ನೆಲ್ಲ ಕ್ಯಾಮೆರಾದ ಎದುರು ತೋರಿಸಿದರು. ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು: "ಹೊಸಬರಿಗೆ ಅರ್ಥ ಆಗುವ ಹಾಗೆ ಬಂತಾ ಸರ್?"

"ನೀವು ಏನು ಹೇಳಿದಿರಿ?"

"ಚೆನ್ನಾಗಿ ಬಂತು ಅಂದೆ."

ಆಮೇಲೆ ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ. ನನ್ನ ವೃತ್ತಿಯಲ್ಲಿ ಇಂಥ ಕಡೆ ಬಾಯಿಗೆ ಬರುವ ಸಿದ್ಧ ಮಾತು ಒಂದುಂಟು: ನಿಮ್ಮ ತಪ್ಪೇನಿಲ್ಲ, ಮೇಲಿನವರು ಹೇಳಿದ್ದನ್ನು ಮಾಡಿದಿರಿ. ಅದನ್ನು ನಾನು ಹೇಳಲಿಲ್ಲ. ಅದು ನಿಜವಲ್ಲ. ಒಬ್ಬರು ಕಲಿಸುವ ಖುಷಿಯಲ್ಲಿ ತೋರಿಸಿದ ಅತ್ಯುತ್ತಮ ವೇಗ ಇನ್ನು ಮೂವತ್ತು ಜನರ ದಿನನಿತ್ಯದ ಗುರಿಯಾಗಲಿತ್ತು, ಅದಕ್ಕೆ ಇವರು ಸಹಿ ಹಾಕಬೇಕಿತ್ತು. ಇವರು ನಿದ್ದೆಗೆಟ್ಟದ್ದು ಮನಸ್ಸು ಸರಿ ಇದ್ದುದರಿಂದ. ತಪ್ಪಿತಸ್ಥ ಭಾವನೆ ಎಂದರೆ ಕೂಡಲೇ ಸವರಿ ಸಮಾಧಾನ ಮಾಡಬೇಕಾದ ರೋಗ ಎಂದು ನಾವು ಆಪ್ತಸಲಹೆಗಾರರು ವರ್ತಿಸುವುದು ನನಗೆ ಮೊದಲಿಂದಲೂ ಒಗ್ಗುವುದಿಲ್ಲ. ಕಾರಣವಿಲ್ಲದೆ ಹುಟ್ಟುವ ತಪ್ಪಿತಸ್ಥ ಭಾವನೆ ಬೇರೆ, ಅದಕ್ಕೆ ಚಿಕಿತ್ಸೆ ಬೇಕು. ಇಲ್ಲಿ ಕಾರಣ ಇತ್ತು, ಅದೂ ತಿದ್ದಬಹುದಾದ ಕಾರಣ. ಗುರಿಯ ಲೆಕ್ಕದ ಶೀಟು ಇನ್ನೂ ಮ್ಯಾನೇಜರ ಕೈ ಸೇರಿರಲಿಲ್ಲ.

ಹಾಗಾದರೆ ಆ 40 ಸೆಕೆಂಡ್ ತಪ್ಪಾ ಎಂದು ಕೇಳಿದೆ. ಮೊದಲ ಬಾರಿಗೆ ಎಂಜಿನಿಯರ್ ಆಗಿ ಉತ್ತರಿಸಿದರು. ಅಳತೆ ಸರಿ, ಗುರಿ ತಪ್ಪು. ನೋಡಿದ ಸಮಯವನ್ನು ಹಾಗೆಯೇ ಗುರಿ ಮಾಡಬಾರದು ಎಂಬುದು ಈ ಶಾಸ್ತ್ರದ ಮೊದಲ ಪಾಠವಂತೆ. ಕೆಲಸಗಾರರು ಸಾಮಾನ್ಯಕ್ಕಿಂತ ಎಷ್ಟು ವೇಗವಾಗಿದ್ದರು ಎಂದು ಅಂದಾಜಿಸಿ ರೇಟಿಂಗ್ ಕೊಡಬೇಕು. ಸಾಮಾನ್ಯ ವೇಗ 100 ಆದರೆ ಈ ಅಕ್ಕನದು 125 ಎನ್ನಬಹುದು. ಹಾಗಾಗಿ 40 ಸೆಕೆಂಡ್ ಸಾಮಾನ್ಯರಿಗೆ 50 ಆಗುತ್ತದೆ. ಅದರ ಮೇಲೆ ವೈಯಕ್ತಿಕ ಅಗತ್ಯಕ್ಕೂ ದಣಿವಿಗೂ ಸಮಯ ಸೇರಿಸಬೇಕು, ಅದಕ್ಕೆ ಅಲೋವೆನ್ಸ್ ಎನ್ನುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೈಪಿಡಿಯಲ್ಲಿ ಮಾದರಿಯಾಗಿ ಕೊಟ್ಟ ಪಟ್ಟಿಯಂತೆ ಮಹಿಳೆಯರಿಗೆ ವೈಯಕ್ತಿಕ ಅಗತ್ಯಕ್ಕೆ ಶೇ 7, ಮೂಲ ದಣಿವಿಗೆ ಶೇ 4. ಅಲ್ಲಿಗೆ 55.5 ಸೆಕೆಂಡ್. ನನ್ನ ನೋಟ್‌ಪ್ಯಾಡ್ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದರು: 40ರ ಲೆಕ್ಕದಲ್ಲಿ ಗಂಟೆಗೆ 900 ಬೀಜ, 55.5ರ ಲೆಕ್ಕದಲ್ಲಿ ಸುಮಾರು 650. ಸಾಫ್ಟ್‌ವೇರಿನಲ್ಲಿ ರೇಟಿಂಗ್ ತುಂಬುವ ಕಾಲಂ ಇರುತ್ತದೆ. ಅದನ್ನು 100 ಎಂದೇ ಬಿಡಿ, ಅಲೋವೆನ್ಸ್ ಆಮೇಲೆ ನೋಡೋಣ ಎಂದು ಮೇಲಿನಿಂದ ಹೇಳಿದ್ದರು.

ಒಂದು ಗಂಟೆಯಲ್ಲಿ 250 ಬೀಜ. ಈ ವ್ಯತ್ಯಾಸ ಯಾರ ಬೆರಳಿನಿಂದ ಬರಬೇಕು ಎಂದು ನಾನು ಕೇಳಬೇಕಾಗಲಿಲ್ಲ.

ನನ್ನ ಸಲಹೆ ಎರಡು ಭಾಗದ್ದು. ಶೀಟು ಕೊಡುವ ಮೊದಲು ಆ ಅಕ್ಕನಿಗೆ ಅವರ ವಿಡಿಯೊ ತೋರಿಸಿ, ಅದನ್ನು ನಿಜವಾಗಿ ಯಾಕೆ ತೆಗೆದದ್ದು ಎಂದು ಹೇಳಿ, ಕೆಂಪು ಚೂರಿನ ಬಗ್ಗೆ ಅವರನ್ನೇ ಕೇಳಿ. ಆಮೇಲೆ ನೋಡಿದ ಸಮಯ, ರೇಟಿಂಗ್, ಅಲೋವೆನ್ಸ್ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಸಹಿ ಹಾಕಿ. ಯಾರಾದರೂ ಒಂದು ಸಾಲು ಹೊಡೆದುಹಾಕಿದರೆ ಅದು ಹೊಡೆದುಹಾಕಿದವರ ನಿರ್ಧಾರ ಎಂದು ಕಾಗದದಲ್ಲಿ ಕಾಣಲಿ.

ನನ್ನ ಗೆಳೆಯರ ಆಕ್ಷೇಪ ಇಲ್ಲೇ. ನೀನು ಆಪ್ತಸಲಹೆಗಾರ, ಕಾರ್ಮಿಕ ಮುಖಂಡನಲ್ಲ, ಸಲಹಾರ್ಥಿಯ ಕೆಲಸಕ್ಕೆ ಕುತ್ತು ಬಂದಿದ್ದರೆ ಯಾರು ಹೊಣೆ ಎನ್ನುತ್ತಾರೆ. ರಾಜೀನಾಮೆಯ ದಾರಿ ತೋರಿಸಬಹುದಿತ್ತಲ್ಲ ಎಂದು ಇನ್ನೊಬ್ಬರು. ರಾಜೀನಾಮೆಯ ಬಗ್ಗೆ ಕಾರ್ತಿಕ್ ತಾವೇ ಮಾತೆತ್ತಿದ್ದರು, ನಾನು ಬೇಡ ಅನ್ನಲಿಲ್ಲ, ಈಗ ಬೇಡ ಎಂದೆ. ಆ ಶೀಟನ್ನು ಅರ್ಧಕ್ಕೆ ಬಿಟ್ಟು ಹೋದರೆ ಬೆಂಗಳೂರಿನಲ್ಲೂ ಅವರಿಗೆ ಆ ಕೈಗಳು ಕಾಣುತ್ತಿದ್ದವು. ಕುತ್ತು ಬರಬಹುದು ಎಂಬುದನ್ನು ಮುಚ್ಚಿಡದೆ ಹೇಳಿ, ಮನೆಯಲ್ಲಿ ಮಾತಾಡಿ ಬನ್ನಿ ಎಂದು ಕಳಿಸಿದ್ದೆ. ಮನಸ್ಸಿನ ತೊಂದರೆಯ ಬೇರು ಒಂದು ಎಕ್ಸೆಲ್ ಶೀಟಿನಲ್ಲಿದ್ದರೆ ಸಲಹೆಯೂ ಶೀಟಿನ ತನಕ ಹೋಗಬೇಕು ಎಂಬುದು ನನ್ನ ನಿಲುವು.

ಈ ಜಗಳ ಹೊಸದಲ್ಲ ಎಂಬುದನ್ನೂ ಆ ಗೆಳೆಯರಿಗೆ ಹೇಳಿದ್ದೇನೆ. ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಎರಕದ ಕೆಲಸಗಾರರು 1911ರಲ್ಲಿ ಕೆಲಸ ಬಿಟ್ಟು ಹೊರನಡೆದದ್ದು ಸ್ಟಾಪ್‌ವಾಚಿನ ವಿರುದ್ಧ. ಮರುವರ್ಷವೇ, ಕೆಲಸದ ಚಲನೆಗಳ ಅಧ್ಯಯನಕ್ಕೆ ಹೆಸರಾದ ಫ್ರಾಂಕ್ ಗಿಲ್‌ಬ್ರೆತ್ ಕೆಲಸಗಾರರ ಕೈಗಳನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿಯತೊಡಗಿದರು, ಚೌಕಟ್ಟಿನೊಳಗೆ ನಿಮಿಷದ ಎರಡು ಸಾವಿರದಲ್ಲಿ ಒಂದು ಭಾಗವನ್ನೂ ತೋರಿಸುವ ಗಡಿಯಾರ ಇಟ್ಟು. ನಮ್ಮ ಮೊಬೈಲಿನ ಒಂದು ಚಿತ್ರದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಅವರ ಹೆಂಡತಿ ಲಿಲಿಯನ್ ಗಿಲ್‌ಬ್ರೆತ್ 1915ರಲ್ಲಿ ಡಾಕ್ಟರೇಟ್ ಪಡೆದ ಮನಃಶಾಸ್ತ್ರಜ್ಞೆ, ಕೆಲಸಗಾರರ ದಣಿವಿನ ಬಗ್ಗೆ ಗಂಡನ ಜೊತೆ ಕೆಲಸ ಮಾಡಿದವರು. ಈ ವಿದ್ಯೆ ಶುರುವಾದಾಗಲೇ ನನ್ನ ಕಸುಬಿನವರೊಬ್ಬರು ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದರು, ಹಾಗಾಗಿ ನಾನು ಕಾರ್ಖಾನೆಯ ಮಾತಾಡಿದರೆ ಹದ್ದು ಮೀರಿದಂತೆ ಅಲ್ಲ. (ಈ ವಾದ ಅವರಿಗೆ ಹಿಡಿಸಲಿಲ್ಲ. ಇರಲಿ.)

ಮುಂದೆ ನಡೆದದ್ದು ಪೂರ್ತಿ ಸುಖಾಂತವಲ್ಲ. ಕ್ಯಾಂಟೀನಿನಲ್ಲಿ ಚಹಾದ ಹೊತ್ತಿಗೆ ಕಾರ್ತಿಕ್ ಆಕೆಗೆ ವಿಡಿಯೊ ತೋರಿಸಿದರು. ಆಕೆ ಮೊದಲ ಬಾರಿ ಸುಮ್ಮನೆ ನೋಡಿದರು, ಎರಡನೇ ಬಾರಿ ಕೆಂಪು ಬಂದಲ್ಲಿ ನಿಲ್ಲಿಸಿ ಎಂದರು. "ಅಲ್ಲಿ ಸೊಂಟದ ಹತ್ರ ಸಿಪ್ಪೆ ಅಂಟಿಕೊಂಡಿರ್ತದೆ. ಎಳೆದ್ರೆ ಬೀಜ ಎರಡು ಹೋಳು. ಹಸಿ ಉಂಟಾ ಅಂತ ಬೆರಳಲ್ಲಿ ನೋಡ್ಬೇಕು." ಇಡೀ ತಿರುಳಿಗೂ ಹೋಳಿಗೂ ಬೆಲೆಯಲ್ಲಿ ಎಷ್ಟು ಅಂತರ ಎಂಬುದು ಗೇರುಬೀಜ ಕಂಡವರಿಗೆಲ್ಲ ಗೊತ್ತು. ಪೌಂಡಿಗೆ 300ರಿಂದ 320 ಇಡೀ ತಿರುಳು ತೂಗುವ ಮಾಲೇ ಡಬ್ಲ್ಯೂ 320 ದರ್ಜೆ ಅನ್ನಿಸಿಕೊಳ್ಳುವುದು, ಹೋಳಾದರೆ ಆ ಹೆಸರೇ ಇಲ್ಲ. ವ್ಯರ್ಥ ಎಂದು ಬಣ್ಣ ಹಚ್ಚಿದ್ದ ಚೂರಿನಲ್ಲೇ ಕಾರ್ಖಾನೆಯ ಲಾಭ ಕೂತಿತ್ತು.

ವಿಡಿಯೊ ಗುರಿ ನಿಗದಿ ಮಾಡಲು ಎಂದು ತಿಳಿದಾಗ ಆಕೆ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಜಗಳ ಮಾಡಲಿಲ್ಲ. ಆದರೆ ಅಂದಿನಿಂದ ಕಾರ್ತಿಕ್ ಹತ್ತಿರ ಮಾತಿಲ್ಲ. ಹೀಗಾಗಬಹುದು ಎಂದು ನಾನು ಮೊದಲೇ ಹೇಳಿದ್ದೆ, ಆದರೂ ಅವರಿಗೆ ಅದು ನಾಟಿತು. ಮ್ಯಾನೇಜರ್ ಮೂರು ಸಾಲಿನ ಶೀಟು ನೋಡಿ ಸಿಟ್ಟಾದರು. ಕೆಂಪು ಚೂರಿನ ಕಾರಣ ಕೇಳಿದ ಮೇಲೆ ಸ್ವಲ್ಪ ತಣ್ಣಗಾಗಿ, ಇನ್ನೂ ಐದು ಜನರ ವಿಡಿಯೊ ತೆಗೆಯಿರಿ ಎಂದರು. ಕೊನೆಗೆ ನಿಂತ ಗುರಿ ಗಂಟೆಗೆ 720. ಅದು ಶಾಸ್ತ್ರದ ಲೆಕ್ಕವಲ್ಲ, ಚೌಕಾಸಿಯ ಲೆಕ್ಕ. ಕಾರ್ತಿಕ್ ಕೆಲಸ ಉಳಿಯಿತು, ನಿದ್ದೆ ಹನ್ನೆರಡರ ಹೊತ್ತಿಗೆ ಬರುತ್ತದೆ. ಈಗ ವಿಡಿಯೊ ತೆಗೆಯುವ ಮೊದಲು ಯಾಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಎಂದು ಕನ್ನಡದಲ್ಲಿ ಅರ್ಧ ಪುಟ ಬರೆದು ಓದಿ ಹೇಳುತ್ತಾರೆ. ಸಾಲಿನಲ್ಲಿ ತುಳು ಮಾತಾಡುವವರೇ ಹೆಚ್ಚು, ಹಾಗಾಗಿ ಓದಿದ್ದನ್ನು ತುಳುವಿನಲ್ಲಿ ಮತ್ತೆ ಹೇಳುತ್ತಾರಂತೆ.

ಇದೇ ಬಗೆಯ ಕೆಲಸದಲ್ಲಿರುವ ಹುಡುಗ ಹುಡುಗಿಯರು ಬಂದರೆ ನಾನು ಮೊದಲು ಕೇಳುವುದು, ವಿಡಿಯೊದಲ್ಲಿರುವವರಿಗೆ ನೀವು ಏನು ಹೇಳಿದ್ದೀರಿ ಎಂದು. ನಿದ್ದೆಯ ಕಾರಣ ಅರ್ಧಕ್ಕರ್ಧ ಆ ಉತ್ತರದಲ್ಲೇ ಸಿಗುತ್ತದೆ. ಕೆಲಸದ ವಿಡಿಯೊವನ್ನು ಮೊಬೈಲಿನಲ್ಲಿ ಮನೆಗೆ ಒಯ್ಯಬೇಡಿ ಎಂದೂ ಹೇಳುತ್ತೇನೆ, ಅದು ನಿಮಗೂ ಒಳ್ಳೆಯದಲ್ಲ, ಅದರಲ್ಲಿರುವವರಿಗೂ ಅಲ್ಲ.

ಕ್ಯಾಮೆರಾದ ಎದುರು ಕೂರುವವರೂ ಬರುತ್ತಾರೆ ಎಂದೆನಲ್ಲ. ಹೋದ ತಿಂಗಳು ಮೀನು ಪ್ಯಾಕಿಂಗ್‌ಗೆ ಹೋಗುವ ಒಬ್ಬರು ಬಂದಿದ್ದರು, ವಿಡಿಯೊ ತೆಗೆಯಲು ಶುರುವಾದಂದಿನಿಂದ ಕೈ ನಡುಗುತ್ತದೆ ಎಂದು. ಕಾರ್ತಿಕ್ ಬರೆದುಕೊಂಡ ಅದೇ ಮೂರು ಪ್ರಶ್ನೆಗಳನ್ನು ಸೂಪರ್‌ವೈಸರ್ ಹತ್ತಿರ ಕೇಳಿ ಎಂದೆ. ಕೇಳಿದರೆ ಕೆಲಸ ಹೋಗ್ತದಾ ಎಂದರು. ಹೋಗುವುದಿಲ್ಲ ಎಂದು ಭರವಸೆ ಕೊಡಲು ನನ್ನಿಂದ ಆಗಲಿಲ್ಲ. ಒಬ್ಬರೇ ಹೋಗಬೇಡಿ, ಸಾಲಿನ ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿ ಎಂದು ಕಳಿಸಿದೆ.