ಹನ್ನೊಂದು ವರ್ಷದ ಮಗನಿಗೆ ಶಿಸ್ತು ಬರಲೆಂದು ಕ್ರೀಡಾ ತಂಡಕ್ಕೆ ಸೇರಿಸಬಹುದೇ?

ಮಗ ಚೆನ್ನಾಗಿ ಓಡುತ್ತಾನೆ, ಆದರೆ ಯಾರ ಮಾತನ್ನೂ ಕೇಳುವುದಿಲ್ಲ, ತಂಡಕ್ಕೆ ಸೇರಿದರೆ ತಿದ್ದಿಕೊಂಡಾನೇ ಎಂದು ಕೇಳಿದ್ದೀರಿ. ಆ ಹುಡುಗ ನಾನೇ ಆಗಿದ್ದೆ. ತಂಡಕ್ಕೂ ಸೇರಿದ್ದೆ. ವೇಗವಾಗಿ ಓಡುವವನಿಗೆ ನಿಯಮಗಳು ಅನ್ವಯಿಸುವುದಿಲ್ಲ ಎಂಬುದನ್ನು ಮೂರು ವರ್ಷ ಅಲ್ಲಿ ಶ್ರದ್ಧೆಯಿಂದ ಕಲಿತೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು 4×100 ಮೀಟರ್ ರಿಲೇ ತಂಡದ ಕೊನೆಯ ಓಟಗಾರ. ತಂಡದಲ್ಲಿ ನನ್ನನ್ನು ಹಿಂದಿಕ್ಕುವವರು ಯಾರೂ ಇರಲಿಲ್ಲವಾದ್ದರಿಂದ, ಬ್ಯಾಟನ್ ಬದಲಾವಣೆಯ, ಅಂದರೆ ಓಡುತ್ತಲೇ ಕೋಲನ್ನು ಒಬ್ಬರಿಂದ ಮತ್ತೊಬ್ಬರಿಗೆ ದಾಟಿಸುವ, ಅಭ್ಯಾಸಕ್ಕೆ ನಾನು ತಡವಾಗಿ ಹೋದರೂ, ಹೋಗದೆಯೇ ಇದ್ದರೂ ತರಬೇತುದಾರರು ಏನೂ ಅನ್ನುತ್ತಿರಲಿಲ್ಲ. ನನಗೆ ಬ್ಯಾಟನ್ ಕೊಡಬೇಕಾಗಿದ್ದ ಮೂರನೆಯ ಓಟಗಾರ ಐದು ನಿಮಿಷ ತಡಮಾಡಿದರೆ ಮಾತ್ರ ಮೈದಾನಕ್ಕೆ ಎರಡು ಸುತ್ತು ಹೆಚ್ಚಾಗಿ ಓಡಬೇಕಿತ್ತು.

ನನ್ನ ತಪ್ಪು ಅರ್ಥವಾಗಬೇಕಾದರೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ಈ ರಿಲೇಯಲ್ಲಿ ಬ್ಯಾಟನ್ ಪಡೆಯುವವನು ಅದು ಕೈಸೇರುವವರೆಗೂ ಹಿಂದಿರುಗಿ ನೋಡುತ್ತಾ ನಿಲ್ಲುವುದಿಲ್ಲ. ತಾನು ನಿಲ್ಲುವ ಜಾಗದಿಂದ ಹಿಂದಕ್ಕೆ ಪಾದಕ್ಕೆ ಪಾದ ಜೋಡಿಸಿ ಅಳೆದು, ಟ್ರ್ಯಾಕಿನ ಮೇಲೆ ಟೇಪಿನ ತುಂಡೊಂದನ್ನು ಅಂಟಿಸಿರುತ್ತಾನೆ. ಬರುವವನು ಆ ಗುರುತನ್ನು ಮುಟ್ಟಿದ ಕ್ಷಣ ಇವನು ಮುಂದೆ ನೋಡಿಕೊಂಡು ಹೊರಟುಬಿಡಬೇಕು, ಕೂಗು ಕೇಳಿದಾಗ ಕೈಯನ್ನು ಹಿಂದಕ್ಕೆ ಚಾಚಬೇಕು. ಗುರುತು ಎಷ್ಟು ದೂರವಿರಬೇಕೆಂಬುದು ಇಬ್ಬರೂ ಜೊತೆಯಾಗಿ ಹತ್ತಾರು ಸಲ ಓಡಿದ ಮೇಲೆಯೇ ತಿಳಿಯುವಂಥದ್ದು. ನಮ್ಮದು 22 ಪಾದ ಎಂದು ತೀರ್ಮಾನವಾಗಿತ್ತು. ಸ್ಪರ್ಧೆಯ ದಿನ ನಾನು ಯಾರಿಗೂ ಹೇಳದೆ ಅದನ್ನು 25ಕ್ಕೆ ಸರಿಸಿದೆ. ಬೇಗ ಹೊರಟರೆ ಬ್ಯಾಟನ್ ಕೈಸೇರುವ ಹೊತ್ತಿಗೆ ನನ್ನ ವೇಗ ಇನ್ನಷ್ಟು ಏರಿರುತ್ತದೆ ಎಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ನಾನೊಬ್ಬನೇ ಇದ್ದೆ. ಅಭ್ಯಾಸದಲ್ಲಿ ಐವತ್ತು ಮೀಟರ್ ಮಾತ್ರ ಓಡಿ ಬರುತ್ತಿದ್ದವನು ಸ್ಪರ್ಧೆಯಲ್ಲಿ ಇಡೀ ತಿರುವನ್ನು ಓಡಿ ಕಾಲು ಸೋತು ಬರುತ್ತಾನೆ. ಅಂಥವನಿಗಾಗಿ ಗುರುತನ್ನು ಹತ್ತಿರಕ್ಕೆ ತರಬೇಕೇ ಹೊರತು ದೂರಕ್ಕೆ ಒಯ್ಯಬಾರದು. ಒಂದು ಮಾತು ಹೇಳಿದ್ದರೆ ಅವನೇ ಬೇಡವೆನ್ನುತ್ತಿದ್ದ. ಅವನಿಗೆ ಹೇಳಬೇಕು ಎಂಬುದೇ ನನಗೆ ಹೊಳೆಯಲಿಲ್ಲ. ಮೂರು ಪಾದವೆಂದರೆ ಒಂದು ಮೀಟರ್ ಕೂಡ ಆಗುವುದಿಲ್ಲ, ನೋಡಿ.

ಬ್ಯಾಟನ್ ಬದಲಾವಣೆಯ ವಲಯ ಈಗ 30 ಮೀಟರ್ ಇದೆ, ಆಗ 20 ಮೀಟರ್ ಇತ್ತು. ಬ್ಯಾಟನ್ ಆ ವಲಯದೊಳಗೇ ಕೈ ಬದಲಾಗಬೇಕು. ಓಟಗಾರನ ದೇಹ ಎಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಆ ದಿನ ಮೂರನೆಯವನು ಕೂಗಿದ, ಕೈ ಚಾಚಿದೆ, ಏನೂ ಸಿಗಲಿಲ್ಲ. ಮತ್ತೊಮ್ಮೆ ಕೂಗಿದ. ಬ್ಯಾಟನ್ ನನ್ನ ಹಿಡಿಗೆ ಬರುವಷ್ಟರಲ್ಲಿ ವಲಯದ ಗೆರೆ ಒಂದು ಹೆಜ್ಜೆ ಹಿಂದೆ ಉಳಿದಿತ್ತು. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿ ಕೈ ಎತ್ತಿದೆ. ಅಷ್ಟರಲ್ಲಿ ಅತ್ತ ತೀರ್ಪುಗಾರರ ಬಾವುಟವೂ ಎದ್ದಿತ್ತು. ಏನಾಯಿತು ಎಂದು ತರಬೇತುದಾರರು ಕೇಳಿದಾಗ "ಅವನು ನಿಧಾನವಾದ" ಎಂದೆ. ಅವರು ನಂಬಿದರು. ನಾನು ಟೇಪ್ ಕೀಳಲೆಂದು ಹೋದಾಗ ಮೂರನೆಯವನು ಆಗಲೇ ಅಲ್ಲಿದ್ದು, ಪಾದಕ್ಕೆ ಪಾದ ಜೋಡಿಸಿ ಅಳೆಯುತ್ತಿದ್ದ. ಅಳೆದು ಮುಗಿಸಿ ನನ್ನ ಕಡೆ ನೋಡಿದನೇ ಹೊರತು ಏನೂ ಹೇಳಲಿಲ್ಲ. ಮರುವರ್ಷ ತಂಡಕ್ಕೆ ಬರಲಿಲ್ಲ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ಪುರುಷರು ಇದೇ ರಿಲೇಯನ್ನು 37.60 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು. ಆ ನಾಲ್ವರಲ್ಲಿ ಒಬ್ಬರೂ ಅಲ್ಲಿಯವರೆಗೆ ನೂರು ಮೀಟರನ್ನು 10 ಸೆಕೆಂಡಿನೊಳಗೆ ಓಡಿದವರಲ್ಲ. ಅದೇ ಫೈನಲ್‌ನಲ್ಲಿ ಅವರಿಗಿಂತ ವೇಗದ ಓಟಗಾರರಿದ್ದ ಅಮೆರಿಕದ ತಂಡ ಬ್ಯಾಟನ್ ಬದಲಾವಣೆಯ ದೋಷಕ್ಕಾಗಿ ಅನರ್ಹಗೊಂಡಿತು. ಆ ಓಟವನ್ನು ನೋಡುವಾಗ ನನಗೆ ನೆನಪಾದದ್ದು ಅವನು ಅಳೆಯುತ್ತಿದ್ದ ರೀತಿ.

ಆದ್ದರಿಂದ ಕ್ರೀಡೆ ಶಿಸ್ತು ಕಲಿಸುತ್ತದೆ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಗೆಲ್ಲಿಸುವ ಹುಡುಗನಿಗೆ ಹಿರಿಯರು ಎಷ್ಟು ಸಡಿಲ ಬಿಡುತ್ತಾರೋ ಅಷ್ಟನ್ನು ಅವನು ಕಲಿಯುತ್ತಾನೆ, ಪಕ್ಕದಲ್ಲಿ ನಿಂತು ನೋಡುವ ಉಳಿದ ಮಕ್ಕಳೂ ಕಲಿಯುತ್ತಾರೆ. ಫುಟ್‌ಬಾಲೋ ವಾಲಿಬಾಲೋ ಎಂಬ ನಿಮ್ಮ ಎರಡನೆಯ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಅಷ್ಟು ಮುಖ್ಯವಲ್ಲ. ಅವನಿಗೆ ಇಷ್ಟವಾದದ್ದನ್ನು ಆಡಲಿ. ನನ್ನ ತಂದೆ ಒಂದು ಸ್ಪರ್ಧೆಯನ್ನೂ ತಪ್ಪಿಸಿದವರಲ್ಲ, ಆದರೆ ಅಭ್ಯಾಸಕ್ಕೆ ಒಮ್ಮೆಯೂ ಬಂದು ನಿಂತವರಲ್ಲ. ನೀವು ಹಣ ಕಟ್ಟುವ ಮೊದಲು ಒಂದು ವಾರ ಅಭ್ಯಾಸದ ಹೊತ್ತಿಗೆ ಹೋಗಿ, ಯಾರಿಗೂ ಪರಿಚಯ ಹೇಳಿಕೊಳ್ಳದೆ ಬದಿಯಲ್ಲಿ ಕುಳಿತುಕೊಳ್ಳಿ. ತಂಡದ ಅತ್ಯುತ್ತಮ ಆಟಗಾರ ತಡವಾಗಿ ಬರುವ ದಿನವೊಂದು ಬಂದೇ ಬರುತ್ತದೆ. ಅವನೂ ಎರಡು ಸುತ್ತು ಓಡಿದರೆ ನಿಮ್ಮ ಮಗನನ್ನು ಮರುದಿನವೇ ಸೇರಿಸಿ. ನೇರವಾಗಿ ಆಟಕ್ಕೆ ಇಳಿದರೆ ಬೇರೆ ತಂಡವನ್ನು ಹುಡುಕಿ.