ಕಾಲು ಗಂಟೆಯಲ್ಲಿ 97 ಡಿಗ್ರಿ: ಗೇಮಿಂಗ್ ಲ್ಯಾಪ್‌ಟಾಪ್‌ನ ಬಿಸಿ

ಪ್ರಶ್ನೆ: ನನ್ನ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಈಗ ನಾಲ್ಕು ವರ್ಷ. ಅದರಲ್ಲಿರುವುದು ಇಂಟೆಲ್ ಕೋರ್ ಐ7-10750ಎಚ್ ಪ್ರೊಸೆಸರ್. ಈ ಬೇಸಿಗೆಯಲ್ಲಿ ಆಟ ಆರಂಭಿಸಿದ ಕಾಲು ಗಂಟೆಗೆಲ್ಲ ಅದರ ತಾಪಮಾನ 97 ಡಿಗ್ರಿಗೆ ಏರಿ, ಆಟ ತಡವರಿಸತೊಡಗುತ್ತದೆ. ಕೂಲಿಂಗ್ ಪ್ಯಾಡ್ ಕೊಂಡರೂ ಪ್ರಯೋಜನವಾಗಲಿಲ್ಲ. ರಿಪೇರಿ ಅಂಗಡಿಯವರು ಮದರ್‌ಬೋರ್ಡನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಪ್ರೊಸೆಸರ್ ಸುಟ್ಟುಹೋಗುತ್ತದೆಯೇ?
— ಓದುಗರೊಬ್ಬರು, ರಾಯಚೂರು

ಉತ್ತರ: ಮದರ್‌ಬೋರ್ಡ್ ಬದಲಿಸಲು ದಯವಿಟ್ಟು ಈಗಲೇ ಒಪ್ಪಬೇಡಿ. ಈ ಪ್ರೊಸೆಸರ್‌ಗೆ ಇಂಟೆಲ್ ನಿಗದಿಪಡಿಸಿರುವ ಗರಿಷ್ಠ ತಾಪಮಾನ 100 ಡಿಗ್ರಿ ಸೆಲ್ಸಿಯಸ್. ಆ ಮಿತಿ ಹತ್ತಿರವಾದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ಯಂತ್ರವೇ ಆಫ್ ಆಗುತ್ತದೆ. ನೀವು ಕಾಣುತ್ತಿರುವ ತಡವರಿಕೆ ಬಹುಮಟ್ಟಿಗೆ ಈ ಆತ್ಮರಕ್ಷಣೆಯ ಫಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು 'ಕಾಲು ಗಂಟೆ' ಎಂಬ ಮಾತು. ಪ್ರೊಸೆಸರ್‌ನಲ್ಲಿ ಹುಟ್ಟಿದ ಶಾಖವು ಅದರ ಮೇಲೆ ಹಚ್ಚಿರುವ, ಶಾಖ ದಾಟಿಸುವ ಲೇಪವಾದ ಥರ್ಮಲ್ ಪೇಸ್ಟ್‌ನ ಮೂಲಕ ತಾಮ್ರದ ಹೀಟ್ ಪೈಪ್‌ಗಳಿಗೆ ದಾಟಿ, ಅಲ್ಲಿಂದ ಲ್ಯಾಪ್‌ಟಾಪ್‌ನ ಅಂಚಿನಲ್ಲಿರುವ ತೆಳುವಾದ ಲೋಹದ ರೆಕ್ಕೆಗಳನ್ನು ತಲುಪುತ್ತದೆ. ಫ್ಯಾನ್ ಅದನ್ನು ಹೊರಗೆ ನೂಕುತ್ತದೆ. ಈ ದಾರಿಯ ಮೊದಲಲ್ಲೇ, ಅಂದರೆ ಪೇಸ್ಟ್ ಒಣಗಿ, ಅಡ್ಡಿಯಾಗಿದ್ದರೆ ಆಟ ತೆರೆದ ಕೆಲವೇ ಸೆಕೆಂಡುಗಳಲ್ಲಿ ತಾಪಮಾನ ಜಿಗಿಯುತ್ತದೆ. ಕೊನೆಯಲ್ಲಿ ಅಡ್ಡಿಯಿದ್ದರೆ ತಾಮ್ರವು ಮೊದಲು ಶಾಖವನ್ನು ಹೀರಿಕೊಳ್ಳುವುದರಿಂದ ಬಿಸಿ ನಿಧಾನವಾಗಿ ಏರುತ್ತದೆ. ನಿಮ್ಮದು ಎರಡನೆಯ ಬಗೆ. ಫ್ಯಾನ್‌ಗೂ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿರುವ ಸಂಭವ ಹೆಚ್ಚು. ಹೊರಗಿನಿಂದ ನೋಡಿದರೆ ಅದು ಕಾಣುವುದಿಲ್ಲ. ಗಾಳಿ ಹೊರಹೋಗುವ ದಾರಿಯೇ ಕಟ್ಟಿರುವಾಗ ಕೂಲಿಂಗ್ ಪ್ಯಾಡ್ ಕೆಳಗಿನಿಂದ ಎಷ್ಟು ಗಾಳಿ ಬೀಸಿದರೇನು?

ಶುಚಿ ಮಾಡುವಾಗ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಬೇಕು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಹಿಡಿದುಕೊಳ್ಳಿ, ಇಲ್ಲವಾದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ಗಟ್ಟಿಯಾದ ಧೂಳಿನ ಪದರವು ಊದಿದ ಮಾತ್ರಕ್ಕೆ ಹೋಗುವುದಿಲ್ಲ. ಫ್ಯಾನ್ ಬಿಚ್ಚಿ ಮೃದುವಾದ ಬ್ರಷ್‌ನಿಂದ ತೆಗೆಯಬೇಕು. ಕೈ ಪಳಗಿಲ್ಲದಿದ್ದರೆ ಬಲ್ಲವರಿಂದ ನಿಮ್ಮ ಎದುರಿನಲ್ಲೇ ಮಾಡಿಸಿ. ಹೀಟ್‌ಸಿಂಕ್ (ಹೀಟ್ ಪೈಪ್ ಮತ್ತು ರೆಕ್ಕೆಗಳ ಜೋಡಣೆ) ಎತ್ತಿದರೆ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಲೇಬೇಕು ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡಿ.

ಶುಚಿಗೆ ಮೊದಲು ಮತ್ತು ನಂತರ ಅದೇ ಆಟವನ್ನು ಅಷ್ಟೇ ಹೊತ್ತು ಆಡಿ, ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ತಾಪಮಾನದ ಜೊತೆಗೆ ವೇಗವನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ಪ್ರೊಸೆಸರ್‌ನ ಮೂಲ ವೇಗ 2.6 ಗಿಗಾಹರ್ಟ್ಸ್. ಆಟದ ಭಾರವಿರುವಾಗಲೇ ವೇಗ ಅದಕ್ಕಿಂತ ಕೆಳಗಿಳಿದರೆ ತಂಪಾಗಿಸುವ ವ್ಯವಸ್ಥೆ ಸೋತಿದೆ ಎಂದು ತಿಳಿಯಬಹುದು. ಬಿಸಿಯಿದ್ದೂ ವೇಗ ಸಾಕಷ್ಟು ಮೇಲೆ ನಿಂತಿದ್ದರೆ ಗಾಬರಿ ಬೇಡ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ಒಳಗೆಳೆದುಕೊಳ್ಳುವ ಗಾಳಿಯೇ 40 ಡಿಗ್ರಿ ಇರಬಹುದಾದ್ದರಿಂದ, ಚಳಿಗಾಲದ ಅಂಕಿಗಳೊಂದಿಗೆ ಇವನ್ನು ಹೋಲಿಸಬೇಡಿ.

ಶುಚಿ ಮಾಡುವವರೆಗೆ ಆಟದ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ಕ್ಕೆ ಮಿತಿಗೊಳಿಸಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 99 ಪ್ರತಿಶತಕ್ಕೆ ಇಳಿಸಿದರೆ ಟರ್ಬೋ, ಅಂದರೆ ಮೂಲ ವೇಗವನ್ನು ಮೀರಿ ಓಡುವುದು, ನಿಂತು ಬಿಸಿ ಗಣನೀಯವಾಗಿ ತಗ್ಗುತ್ತದೆ. ಗ್ರಾಫಿಕ್ಸ್ ಚಿಪ್‌ನ ಮೇಲೆಯೇ ಹೆಚ್ಚು ಭಾರ ಬೀಳುವ ಆಟಗಳಲ್ಲಿ ಇದರ ನಷ್ಟ ಕಡಿಮೆ.

ಶುಚಿಯಾಗಿ, ಹೊಸ ಪೇಸ್ಟ್ ಹಚ್ಚಿ, ಫ್ಯಾನ್ ಸರಿಯಾಗಿ ತಿರುಗುತ್ತಿದ್ದರೂ ಪ್ರೊಸೆಸರ್ 97 ಡಿಗ್ರಿಯಲ್ಲೇ ಇದ್ದು, ಹೊರಬರುವ ಗಾಳಿ ಮಾತ್ರ ತಣ್ಣಗಿದ್ದರೆ ಹೀಟ್ ಪೈಪ್ ಕೆಟ್ಟಿರಬಹುದು. ಆಗಲೂ ಬದಲಿಸಬೇಕಾದದ್ದು ಹೀಟ್‌ಸಿಂಕನ್ನೇ ಹೊರತು ಮದರ್‌ಬೋರ್ಡನ್ನಲ್ಲ.