ಗಾಲಿಕುರ್ಚಿಯ ಮೂರು ಹೊತ್ತು

ಧೂಮಪಾನ ಬಿಡಿಸುವ ಸಲಹೆಗೆಂದು ಮೂಳೆ ವಾರ್ಡಿನಿಂದ ನನಗೆ ಬರುವ ಚೀಟಿಗಳಲ್ಲಿ ಸಾಮಾನ್ಯವಾಗಿ ಒಂದೇ ಒಕ್ಕಣೆ ಇರುತ್ತದೆ: "ಧೂಮಪಾನಿ, ಎಷ್ಟು ಹೇಳಿದರೂ ಕೇಳುತ್ತಿಲ್ಲ." ಈ ಪ್ರಕರಣವೂ ಹಾಗೆಯೇ ಬಂದದ್ದು. ಗಾರೆ ಕೆಲಸದ, ನಲವತ್ತರ ಆಸುಪಾಸಿನ ವ್ಯಕ್ತಿ. ಅಪಘಾತದಲ್ಲಿ ಮೊಣಕಾಲ ಕೆಳಗಿನ ಮೂಳೆ ಚರ್ಮ ಸೀಳಿಕೊಂಡು ಹೊರಬಂದಿತ್ತು, ಕಾಲಿಗೆ ಹೊರಗಿನಿಂದ ರಾಡು ಹಾಕಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಎರಡು ಭೇಟಿಗಳಲ್ಲಿ ನಾನು ಮಾಡಿದ್ದು ಬರೀ ಪಾಠ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ, ಹೀಗಾಗಿ ಮೂಳೆ ಕೂಡುವುದು ತಡವಾಗುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ ಎಂದೆಲ್ಲ ವಿವರಿಸಿದೆ. ಅವರು ತಲೆಯಾಡಿಸಿದರು. ಮಧ್ಯಾಹ್ನ ಬಾಮೈದ ಮತ್ತೆ ಗಾಲಿಕುರ್ಚಿ ತಳ್ಳಿಕೊಂಡು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೊಯ್ದಿದ್ದ.

ಮೂರನೆಯ ಭೇಟಿಯಲ್ಲಿ, ಬೀಡಿ ಸೇದುವ ಹೊತ್ತು ಹೇಗಿರುತ್ತದೆ ಎಂದಷ್ಟೇ ಕೇಳಿದೆ. ಹೊದಿಕೆ ರಾಡಿಗೆ ತಾಗದಂತೆ ಎತ್ತಿ ಹಿಡಿದುಕೊಂಡೇ ಅವರು ಹೇಳಿದರು: "ಮೇಡಂ, ದಿನಕ್ಕೆ ಮೂರು ಸಲ ನನ್ನನ್ನ ಹೊರಗೆ ಕರ್ಕೊಂಡು ಹೋಗೋದೇ ಬೀಡಿಗೆ. ಅದೂ ಬೇಡ ಅಂದ್ರೆ ಆಮೇಲೆ ಕುರ್ಚಿ ಯಾರು ತಳ್ತಾರೆ?" ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬಿಡಲು ಹೆದರುತ್ತಿದ್ದುದು ಆ ಹತ್ತು ನಿಮಿಷದ ಬಿಸಿಲನ್ನು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಆದ್ದರಿಂದ ಸಲಹೆಯನ್ನು ಬಾಮೈದನಿಗೆ ಕೊಟ್ಟೆ: ಕುರ್ಚಿ ಅದೇ ಮೂರು ಹೊತ್ತಿಗೆ ಹೊರಡಲಿ, ಆದರೆ ಮುಂದಿನ ಹೊಂಗೆ ಮರದ ಕಡೆಗೆ, ಜೇಬಿನಲ್ಲಿ ಬೆಂಕಿಪೊಟ್ಟಣವಿಲ್ಲದೆ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನ್ನುವವರಾದ್ದರಿಂದ ವೈದ್ಯರು ಬೀಡಿಯ ಹಂಬಲ ತಗ್ಗಿಸಲು ಅಗಿಯುವ 4 ಮಿ.ಗ್ರಾಂ. ನಿಕೋಟಿನ್ ಗಮ್ ಬರೆದರು. ಒಂದೇ ಸಮನೆ ಅಗಿಯದೆ, ಖಾರ ಹತ್ತಿದ ಕೂಡಲೇ ಅದನ್ನು ದವಡೆಗೆ ಒತ್ತಿಟ್ಟುಕೊಳ್ಳುವುದನ್ನು ಎರಡು ಸಲ ಮಾಡಿಸಿ ನೋಡಿದೆ. ನಿಕೋಟಿನ್ನೇ ಕೆಡುಕಾದರೆ ಗಮ್ ಏಕೆ ಎಂದು ಕಿರಿಯ ವೈದ್ಯರೊಬ್ಬರು ಆಕ್ಷೇಪಿಸಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗಮ್‌ನಲ್ಲಿ ಹೊಗೆಯಿಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಚಡಪಡಿಕೆ ತೀವ್ರವಾಗಿರುವ ಮೊದಲ ಕೆಲವು ದಿನಗಳನ್ನು ಬರಿಗೈಯಲ್ಲಿ ದಾಟಿ ಎಂದರೆ ರೋಗಿ ಟ್ಯಾಂಕಿನ ಹಿಂದಕ್ಕೇ ಮರಳುತ್ತಾನೆ ಎಂಬುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ಮನೆಗೆ ಹೊರಟಾಗ, ಬೀಡಿ ಕಟ್ಟಿನ ಮೇಲೆಯೇ ಅಚ್ಚಾಗಿರುವ ಸಹಾಯವಾಣಿ 1800-11-2356 ಅನ್ನು ಅವರ ಮೊಬೈಲಿನಲ್ಲಿ ಹಾಕಿಕೊಟ್ಟೆ.

ಆರು ವಾರಗಳ ನಂತರ ಬಂದವರು, ಎರಡು ಬೀಡಿ ಸೇದಿದೆನೆಂದು ತಾವಾಗಿಯೇ ಹೇಳಿದರು, ಎರಡೂ ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ. ಗದರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿ ಬರೆದುಕೊಂಡೆ.